ಗಣಿಯ ತಳದಲ್ಲಿ ಮುಂದೋಡಿದ ಗಡಿಯಾರ

ಭೂಮಿಯೊಳಗೆ ಇಳಿದಷ್ಟೂ ಗುರುತ್ವ ಕುಗ್ಗುತ್ತದೆ, ಕೇಂದ್ರದಲ್ಲಿ ಸೊನ್ನೆಯಾಗುತ್ತದೆ ಎಂದು ಪಿಯುಸಿಯಲ್ಲಿ ಸೂತ್ರ ಸಮೇತ ಬಾಯಿಪಾಠ ಮಾಡಿದ್ದೆವು. ಕೇಂದ್ರದ ಮಾತು ನಿಜ. ದಾರಿಯ ಮಾತು ನಿಜವಲ್ಲ.

ಬ್ರಿಟಿಷ್ ಖಗೋಳಜ್ಞ ಜಾರ್ಜ್ ಏರಿ (ಹೆಸರು ಏರಿ, ಹಟ ಮಾತ್ರ ಇಳಿಯುವುದು) 1826 ಮತ್ತು 1828ರಲ್ಲಿ ಕಾರ್ನ್‌ವಾಲ್‌ನ ಗಣಿಯೊಂದಕ್ಕೆ ಲೋಲಕಗಳನ್ನು ಇಳಿಸಿ ಎರಡು ಸಲವೂ ಸೋತಿದ್ದ. ಒಮ್ಮೆ ಉಪಕರಣಕ್ಕೆ ಬೆಂಕಿ ಬಿತ್ತು, ಇನ್ನೊಮ್ಮೆ ಬಂಡೆ ಕುಸಿದು ಗಣಿಗೆ ನೀರು ನುಗ್ಗಿತು. 1854ರಲ್ಲಿ ಸೌತ್ ಶೀಲ್ಡ್ಸ್ ಬಳಿಯ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಮತ್ತೆ ಪ್ರಯತ್ನಿಸಿದ. ಒಂದು ಲೋಲಕ ಮೇಲೆ, ಇನ್ನೊಂದು ಸುಮಾರು 380 ಮೀಟರ್ ಕೆಳಗೆ. ಎರಡನ್ನೂ ತಾಳೆ ನೋಡಲು ವಿದ್ಯುತ್ ಸಂಕೇತ. ಕೆಳಗಿನದು ದಿನಕ್ಕೆ ಎರಡು ಸೆಕೆಂಡಿಗಿಂತ ತುಸು ಹೆಚ್ಚೇ ಮುಂದೋಡಿತು. ಲೋಲಕ ಚುರುಕಾಯಿತೆಂದರೆ ಅಲ್ಲಿ ಸೆಳೆತ ಜಾಸ್ತಿ ಎಂದೇ ಅರ್ಥ.

ಭೂಮಿಯನ್ನು ಈರುಳ್ಳಿಯಂತೆ ಪದರ ಪದರವಾಗಿ ಊಹಿಸಿಕೊಳ್ಳಿ. ನೀವು ಇಳಿದ ಆಳಕ್ಕಿಂತ ಮೇಲಿರುವ ಪದರಗಳು ನಿಮ್ಮನ್ನು ಎಲ್ಲ ದಿಕ್ಕಿಗೂ ಎಳೆಯುತ್ತವೆ, ಆ ಎಳೆತಗಳು ಒಂದನ್ನೊಂದು ಪೂರ್ತಿ ಹೊಡೆದುಹಾಕುತ್ತವೆ. ನ್ಯೂಟನ್ 1687ರಲ್ಲೇ ಇದನ್ನು ಸಾಧಿಸಿ ತೋರಿಸಿದ್ದ. ಹಾಗಾಗಿ ಇಳಿಯುವವನಿಗೆ ಒಂದು ನಷ್ಟ, ಒಂದು ಲಾಭ. ಮೇಲೆ ಬಿಟ್ಟುಬಂದ ಪದರ ಲೆಕ್ಕದಿಂದ ಹೋಯಿತು. ಉಳಿದ ಭೂಮಿಯ ಕೇಂದ್ರ ಹತ್ತಿರವಾಯಿತು. ಸುತ್ತಲಿನ ಕಲ್ಲಿನ ಸಾಂದ್ರತೆ ಒಳಗೆ ಉಳಿದ ಭೂಮಿಯ ಸರಾಸರಿ ಸಾಂದ್ರತೆಯ ಮೂರನೇ ಎರಡು ಪಾಲಿಗಿಂತ ಕಡಿಮೆಯಿದ್ದರೆ ಲಾಭವೇ ಗೆಲ್ಲುತ್ತದೆ. ಇಡೀ ಭೂಮಿಯ ಸರಾಸರಿ, ನೀರಿನ 5.5 ಪಟ್ಟು. ಹೊರಪದರದ ಕಲ್ಲು 2.7 ಪಟ್ಟು ಮಾತ್ರ. ಪಠ್ಯದ ಸೂತ್ರವಾದರೋ ಭೂಮಿಯನ್ನು ಮೇಲಿಂದ ಕೆಳಗಿನವರೆಗೆ ಒಂದೇ ಹದದ ರಾಗಿಮುದ್ದೆ ಎಂದು ನಂಬಿಕೊಂಡಿದೆ.

ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಅದೇ ಲೆಕ್ಕ ಹಾಕಿದರೆ, ಅರವತ್ತು ಕಿಲೋ ತೂಗುವ ಕಾರ್ಮಿಕ ಅದರ ತಳದಲ್ಲಿ ಹದಿನೈದು ಗ್ರಾಮಿನಷ್ಟು ಹೆಚ್ಚು ತೂಗಬೇಕು. ಆ ಬಿಸಿಯಲ್ಲಿ ಬೆವರಾಗಿ ಹೋಗುತ್ತಿದ್ದುದು ಅದಕ್ಕಿಂತ ಎಷ್ಟೋ ಹೆಚ್ಚು ಬಿಡಿ.

ಇನ್ನೂ ಕೆಳಗೆ, ಹೊರಪದರಕ್ಕೂ ತಿರುಳಿಗೂ ನಡುವಿನ ದಪ್ಪ ಪದರವಾದ ಮ್ಯಾಂಟಲ್‌ನ ಉದ್ದಕ್ಕೂ, ಗುರುತ್ವ (ಸೆಕೆಂಡಿನ ವರ್ಗಕ್ಕೆ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿ) ಹೆಚ್ಚುಕಡಿಮೆ 10ರ ಆಸುಪಾಸಿನಲ್ಲೇ ನಿಲ್ಲುತ್ತದೆ. 2,900 ಕಿಲೋಮೀಟರ್ ಆಳದಲ್ಲಿ, ಕಬ್ಬಿಣದ ತಿರುಳಿನ ಹೊಸ್ತಿಲಲ್ಲಿ, ಅದು 10.7ಕ್ಕೆ ಏರುತ್ತದೆ, ನೆಲದ ಮೇಲೆ ನಮಗಿರುವುದು 9.8. ಇಳಿಕೆ ನಿಜವಾಗಿ ಶುರುವಾಗುವುದು ಅಲ್ಲಿಂದ. ತಿರುಳಿನೊಳಗೆ ದಟ್ಟವಾದ ಪದರಗಳೇ ಒಂದೊಂದಾಗಿ ಲೆಕ್ಕದಿಂದ ಕಳಚಿಕೊಳ್ಳುತ್ತಾ ಕೇಂದ್ರದಲ್ಲಿ ಸೆಳೆತ ಸೊನ್ನೆಗೆ ಬರುತ್ತದೆ. ತೂಕ ಸೊನ್ನೆ ಎಂದು ಅಲ್ಲಿ ಹಗುರಾಗಿ ತೇಲುವ ಕನಸು ಬೇಡ. ಮೇಲಿನ ಪದರಗಳಿಗೆಲ್ಲ ಅವುಗಳ ತೂಕ ಇದ್ದೇ ಇದೆ, ಆ ಹೊರೆಯೆಲ್ಲ ಕೇಂದ್ರದ ಮೇಲೆ ಬಿದ್ದು, ಒತ್ತಡ ನಮ್ಮ ವಾಯುಮಂಡಲದ 36 ಲಕ್ಷ ಪಟ್ಟು ಮುಟ್ಟುತ್ತದೆ.