ಸಹಿ ಸಲ್ಲಿಸುವ ಗಡುವು: ಕೊನೆ ದಿನ ನಿಜವಾಗಿ ಯಾವುದು?

ಜನರೇ ಒಂದು ಪ್ರಸ್ತಾವ ಬರೆದು, ಸಹಿ ಸಂಗ್ರಹಿಸಿ, ಅದನ್ನು ನೇರವಾಗಿ ಮತಕ್ಕೆ ಹಾಕಿಸುವ ಪದ್ಧತಿಗೆ ಇನಿಷಿಯೇಟಿವ್ ಎನ್ನುತ್ತಾರೆ. ನಮ್ಮಲ್ಲಿ ಸಂಸತ್ತಾಗಲಿ ವಿಧಾನಸಭೆಯಾಗಲಿ ಮಾಡುವ ಕಾನೂನಿಗೆ ಇಂಥ ದಾರಿಯಿಲ್ಲ. ಅದಕ್ಕೇ ಈ ಪಾಠದ ಗಡುವುಗಳು ನಮಗೆ ಬರೀ ಅಂಕಿಗಳಾಗಿ ಕಾಣುತ್ತವೆ. ಸುಮ್ನೆ ಬಾಯಿಪಾಠ ಮಾಡಿದರೆ ಉಳಿಯುವುದಿಲ್ಲ. ಒಂದು ಪ್ರಶ್ನೆ ಹಿಡಿದುಕೊಂಡು ಓದಿ: ಸಹಿಗಳ ಪರಿಶೀಲನೆ ಗಡುವಿನ ಒಳಗೇ ಮುಗಿಯಬೇಕಾ, ಆಮೇಲೆ ನಡೆಯುತ್ತದಾ?

ಸ್ವಿಟ್ಜರ್ಲೆಂಡಿನಲ್ಲಿ ಒಳಗೇ ಮುಗಿಯಬೇಕು. ಅಲ್ಲಿ ಸಂವಿಧಾನ ತಿದ್ದುಪಡಿ ಕೇಳಲು 1 ಲಕ್ಷ ಸಹಿ ಬೇಕು, ಸಮಯ 18 ತಿಂಗಳು. ಪ್ರಸ್ತಾವ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾದಾಗ ಎಣಿಕೆ ಶುರು. ಸಹಿ ಹಾಕಿದವರು ಮತದಾರರೇ ಎಂದು ನೋಡಿ ದೃಢೀಕರಿಸುವುದು ಅವರವರ ಊರಿನ ಆಡಳಿತ. ಹಾಗಾಗಿ ಒಂದು ಹಾಳೆಯಲ್ಲಿ ಒಂದೇ ಊರಿನವರ ಸಹಿ ಇರಬೇಕು. ಹಾಳೆಗಳು ಊರೂರಿಗೆ ಹೋಗಿ, ಮುದ್ರೆ ಬಿದ್ದು, ವಾಪಸ್ ಬಂದು, ಗಡುವಿನೊಳಗೆ ರಾಜಧಾನಿ ಬರ್ನ್ ತಲುಪಬೇಕು. ಅಂದರೆ ಬೀದಿಯಲ್ಲಿ ನಿಂತು ಸಹಿ ಕೇಳುವವರಿಗೆ 18 ತಿಂಗಳು ಪೂರ್ತಿ ಸಿಗುವುದೇ ಇಲ್ಲ.

ಸಂಸತ್ತು ಮಾಡಿದ ಕಾನೂನನ್ನು ಜನಮತಕ್ಕೆ ತರುವ ರೆಫರೆಂಡಮ್ ಬೇರೆ. ಅದಕ್ಕೆ 50 ಸಾವಿರ ಸಹಿ, 100 ದಿನ. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.

ಇಲ್ಲೊಂದು ಘಟನೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಕೋವಿಡ್ ಬಂದಾಗ ಸ್ವಿಸ್ ಸರ್ಕಾರ 2020ರ ಮಾರ್ಚ್ 21ರಿಂದ ಮೇ 31ರವರೆಗೆ ಈ ಗಡುವುಗಳನ್ನೇ ತಡೆಹಿಡಿಯಿತು. ಆ ದಿನಗಳಲ್ಲಿ ಸಹಿ ಕೇಳುವಂತೆಯೂ ಇರಲಿಲ್ಲ, ಆ ದಿನಗಳು ಲೆಕ್ಕಕ್ಕೂ ಬರಲಿಲ್ಲ. ಇದೇ ನ್ಯಾಯ, ಅಲ್ವಾ? ಜನ ಹೊರಗೆ ಬರಲಾಗದಾಗ ದಿನ ಎಣಿಸುತ್ತಾ ಹೋದರೆ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಪರಿಶೀಲನೆ ಆಮೇಲೆ. ಸಂಗ್ರಹಕ್ಕೆ 180 ದಿನ. 2014ರ ಕಾನೂನಿಗೆ ಮೊದಲು 150 ಇತ್ತು. ಹಿಂದಿನ ಗವರ್ನರ್ ಚುನಾವಣೆಯ ಮತಗಳಲ್ಲಿ ಸಾಮಾನ್ಯ ಕಾನೂನಿಗೆ ಶೇ 5, ಸಂವಿಧಾನ ತಿದ್ದುಪಡಿಗೆ ಶೇ 8ರಷ್ಟು ಸಹಿ ಬೇಕು. 2022ರ ಚುನಾವಣೆಯ ಲೆಕ್ಕದಲ್ಲಿ ಇದು 5,46,651 ಮತ್ತು 8,74,641.

ಆದರೆ ಇನ್ನೊಂದು ಗಡುವು ಕಾದು ಕೂತಿರುತ್ತದೆ. ಚುನಾವಣೆಗೆ 131 ದಿನ ಮೊದಲೇ ಪ್ರಸ್ತಾವ ಅರ್ಹತೆ ಪಡೆದಿರಬೇಕು. 2024ರ ನವೆಂಬರ್ 5ರ ಚುನಾವಣೆಗೆ ಆ ದಿನ ಜೂನ್ 27. ಅಲ್ಲಿಂದ ಹಿಂದಕ್ಕೆ ಎಣಿಸಿ. ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಒಟ್ಟು ಸಹಿ ಎಣಿಸಲು 8 ಕೆಲಸದ ದಿನ. ಆಮೇಲೆ ಸ್ಯಾಂಪಲ್ ಪರಿಶೀಲನೆಗೆ 30 ಕೆಲಸದ ದಿನ. ಪ್ರತಿ ಕೌಂಟಿ 500 ಸಹಿ ಅಥವಾ ಶೇ 3, ಯಾವುದು ಜಾಸ್ತಿಯೋ ಅಷ್ಟನ್ನು ನೋಡುತ್ತದೆ. ಅದರಿಂದ ಒಟ್ಟು ಎಷ್ಟು ಸಹಿ ಸರಿಯಿವೆ ಎಂದು ಅಂದಾಜು ಮಾಡುತ್ತಾರೆ. ಆ ಅಂದಾಜು ಬೇಕಾದ ಸಂಖ್ಯೆಯ ಶೇ 110 ದಾಟಿದರೆ ಪಾಸು. ಶೇ 95ಕ್ಕಿಂತ ಕಡಿಮೆಯಾದರೆ ಅಲ್ಲಿಗೇ ಮುಗಿಯಿತು. ನಡುವೆ ಸಿಕ್ಕಿಕೊಂಡರೆ ಒಂದೊಂದೇ ಸಹಿ ನೋಡಬೇಕು, ಅದಕ್ಕೆ ಮತ್ತೆ 30 ಕೆಲಸದ ದಿನ.

ಹಾಗಾಗಿ ಜೂನ್ 27ಕ್ಕೆ ಅರ್ಹವಾಗಬೇಕಾದರೆ ಏಪ್ರಿಲ್ ಮುಗಿಯುವುದರೊಳಗೆ ಸಹಿ ಕೊಟ್ಟಿರಬೇಕು. ಪೂರ್ತಿ ಪರಿಶೀಲನೆಯ ಭಯವಿದ್ದವರು ಮಾರ್ಚ್‌ನಲ್ಲೇ ಕೊಡುವುದು ಕ್ಷೇಮ. ಬೇಕಾದ್ದಕ್ಕಿಂತ ಲಕ್ಷಗಟ್ಟಲೆ ಜಾಸ್ತಿ ಸಹಿ ಯಾಕೆ ಸೇರಿಸುತ್ತಾರೆ ಅಂತ ಕೇಳಿದರೆ, ಉತ್ತರ ಆ ಶೇ 110ರಲ್ಲಿದೆ.