ರೆಕಾರ್ಡ್ ಗುಂಡಿಯ ಜಗಳ: ಜೇಬಿಗೆ ಬಂದ ಉಪಗ್ರಹ ರೇಡಿಯೊ

ಸುಮಾರು 400 ಡಾಲರ್ ಕೊಟ್ಟು ಒಂದು ಪ್ಲೇಯರ್ ಕೊಳ್ಳುತ್ತೀರಿ. ಮೇಲೆ ಪ್ರತಿ ತಿಂಗಳೂ 12.95 ಡಾಲರ್ ಚಂದಾ. ಇಷ್ಟವಾದ ಹಾಡುಗಳನ್ನು ಅದರಲ್ಲೇ ತುಂಬಿಕೊಳ್ಳುತ್ತೀರಿ. ಚಂದಾ ನಿಲ್ಲಿಸಿದರೆ ಆ ಹಾಡುಗಳೂ ಹೋದವು! 2006ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಪಯೋನಿಯರ್ ಇನೋ ಎಂಬ ಪುಟ್ಟ ಉಪಗ್ರಹ ರೇಡಿಯೊದ ಕರಾರು ಹೀಗಿತ್ತು. ಇಷ್ಟು ಬಿಗಿ ಮಾಡಿದ್ದರೂ ರೆಕಾರ್ಡ್ ಕಂಪನಿಗಳಿಗೆ ಸಮಾಧಾನವಾಗಲಿಲ್ಲ. ಕೋರ್ಟಿಗೆ ಹೋದವು.

ಅಮೆರಿಕದ ಉಪಗ್ರಹ ರೇಡಿಯೊ ಬೆಳೆದದ್ದು ಮುಖ್ಯವಾಗಿ ಕಾರಿಗಾಗಿ. 1997ರ ಹರಾಜಿನಲ್ಲಿ ಎರಡು ಕಂಪನಿಗಳು ತಲಾ 8 ಕೋಟಿ ಡಾಲರಿಗೂ ಜಾಸ್ತಿ ಸುರಿದು ಲೈಸೆನ್ಸ್ ಪಡೆದವು. ಮುಂದೆ ಅವೇ ಎಕ್ಸ್‌ಎಂ ಮತ್ತು ಸಿರಿಯಸ್ ಆದವು. ಎಕ್ಸ್‌ಎಂ 2001ರ ಸೆಪ್ಟೆಂಬರ್‌ನಲ್ಲಿ, ಸಿರಿಯಸ್ 2002ರ ಫೆಬ್ರವರಿಯಲ್ಲಿ ಪ್ರಸಾರ ಶುರುಮಾಡಿದವು. ಎಕ್ಸ್‌ಎಂನ ಎರಡು ಉಪಗ್ರಹಗಳ ಹೆಸರು ರಾಕ್ ಮತ್ತು ರೋಲ್. ಎರಡೂ ಪ್ರಸಾರಗಳನ್ನು ಹಿಡಿಯುವ ಸೆಟ್ಟನ್ನು ರೂಪಿಸಬೇಕು ಎಂಬ ಷರತ್ತು ಲೈಸೆನ್ಸಿನಲ್ಲೇ ಇತ್ತು. ಆದರೆ ಪೈಪೋಟಿಯ ಆ ವರ್ಷಗಳಲ್ಲಿ ಅಂಥ ಸೆಟ್ಟು ಮಾರಾಟಕ್ಕೆ ಬರಲೇ ಇಲ್ಲ. ಒಂದು ಕಂಪನಿಯ ರೇಡಿಯೊ ಕೊಂಡರೆ ಅದಕ್ಕೇ ಅಂಟಿಕೊಳ್ಳಬೇಕು. ಕೊಂಡವರನ್ನು ಕಟ್ಟಿಹಾಕುವ ಕೆಲಸ ಇಲ್ಲಿಂದಲೇ ಶುರುವಾಗಿತ್ತು, ಅಲ್ವಾ?

ಕಾರಿನ ಚಾವಣಿಯ ಮೇಲೆ ಆಂಟೆನಾ ಇಟ್ಟರೆ ಆಕಾಶ ಚೆನ್ನಾಗಿ ಕಾಣುತ್ತದೆ. ಸೇತುವೆ ಕೆಳಗೆ ಹಾದರೂ ಹಾಡು ತುಂಡಾಗುತ್ತಿರಲಿಲ್ಲ. ಎಕ್ಸ್‌ಎಂ ಒಂದೇ ಕಾರ್ಯಕ್ರಮವನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಉಪಗ್ರಹಗಳಿಂದ ಕಳಿಸುತ್ತಿತ್ತು. ಒಂದರಲ್ಲಿ ತಪ್ಪಿದ್ದನ್ನು ಸೆಟ್ಟು ಇನ್ನೊಂದರಿಂದ ತುಂಬಿಕೊಳ್ಳುತ್ತಿತ್ತು. ಎತ್ತರದ ಕಟ್ಟಡಗಳಿರುವ ನಗರಗಳಲ್ಲಿ ನೆಲದ ಮೇಲೆಯೇ ಮರುಪ್ರಸಾರದ ಗೋಪುರಗಳಿದ್ದವು.

ಜೇಬಿನಲ್ಲಿ ಇಟ್ಟುಕೊಂಡಾಗ ಕತೆಯೇ ಬೇರೆ. ಸುಮಾರು 36,000 ಕಿಲೋಮೀಟರ್ ದೂರದಿಂದ ಬರುವ ಎಕ್ಸ್‌ಎಂನ 2.3 ಗಿಗಾಹರ್ಟ್ಸ್‌ ಸಂಕೇತಕ್ಕೆ ಗೋಡೆ ಅಡ್ಡ, ದಟ್ಟ ಮರ ಅಡ್ಡ, ಹೊತ್ತುಕೊಂಡವರ ಮೈಯೂ ಅಡ್ಡ. ಮನೆಯೊಳಗೆ ಕೇಳಬೇಕಾದರೆ ದಕ್ಷಿಣದ ಕಿಟಕಿ ಹುಡುಕಬೇಕು. ನೆಲಮಾಳಿಗೆಯಲ್ಲಂತೂ ಏನೂ ಇಲ್ಲ. ಸಿರಿಯಸ್‌ನ ಸ್ಟಿಲೆಟೊ ಎಂಬ ಜೇಬಿನ ರೇಡಿಯೊಗೆ ಆಂಟೆನಾ ಹುದುಗಿಸಿದ ಹೆಡ್‌ಫೋನನ್ನೇ ಕೊಟ್ಟಿದ್ದರು. ಸಂಕೇತ ಹಿಡಿಯಲು ತಲೆಗಿಂತ ಎತ್ತರದ ಜಾಗ ಇನ್ನೆಲ್ಲಿದೆ!

ರೆಕಾರ್ಡಿಂಗ್ ಜೇಬಿನ ರೇಡಿಯೊಗೆ ಬಂದದ್ದು ಈ ಕಷ್ಟಕ್ಕೆ ಪರಿಹಾರವಾಗಿಯೂ ಹೌದು. ಜಗಳದ ಗದ್ದಲದಲ್ಲಿ ಈ ಮಾತು ಮರೆತೇಹೋಯಿತು ಅನಿಸುತ್ತದೆ. 2004ರ ಕೊನೆಯಲ್ಲಿ ಬಂದ ಡೆಲ್ಫಿ ಮೈಫೈ ಎಂಬ ಎಕ್ಸ್‌ಎಂ ರೇಡಿಯೊ ಐದು ಗಂಟೆಯ ಕಾರ್ಯಕ್ರಮವನ್ನು ಒಳಗೆ ಕೂಡಿಡುತ್ತಿತ್ತು. ಸಂಕೇತ ಸಿಗದ ಕಡೆ ಅದನ್ನು ಕೇಳಬಹುದು. 2005ರ ಸಿರಿಯಸ್ ಎಸ್50 ಇನ್ನೂ ವಿಚಿತ್ರ. ನೇರ ಪ್ರಸಾರ ಬೇಕಿದ್ದರೆ ಅದನ್ನು ಆಂಟೆನಾ ಜೋಡಿಸಿದ ಪೀಠದಲ್ಲಿ, ಅಂದರೆ ಡಾಕ್‌ನಲ್ಲಿ, ಕೂರಿಸಬೇಕು. ಕೈಯಲ್ಲಿ ಹಿಡಿದು ಹೊರಟರೆ ಕೂಡಿಟ್ಟದ್ದು ಮಾತ್ರ.

ಎಕ್ಸ್‌ಎಂ ಪ್ರಸಾರಕ್ಕಾಗಿ ಬಂದ ಇನೋ ಇವೆರಡನ್ನೂ ಸೇರಿಸಿತು. ನೇರ ಪ್ರಸಾರವೂ ಇತ್ತು, 50 ಗಂಟೆಯ ಸಂಗ್ರಹವೂ ಇತ್ತು. ಹಾಡು ಬರುತ್ತಿರುವಾಗ ಗುಂಡಿ ಒತ್ತಿದರೆ ಸಾಕು, ಆ ಒಂದು ಹಾಡು ಹೆಸರಿನ ಸಮೇತ ಪಟ್ಟಿಗೆ ಸೇರುತ್ತಿತ್ತು. ನಮ್ಮದೇ ಎಂಪಿ3ಗಳ ಜೊತೆ ಬೇಕಾದ ಕ್ರಮದಲ್ಲಿ ಜೋಡಿಸಬಹುದಿತ್ತು. ಅದನ್ನು ಹೊರಗೆ ನಕಲು ಮಾಡಲು ಮಾತ್ರ ದಾರಿ ಇರಲಿಲ್ಲ.

2006ರ ಮೇ ತಿಂಗಳಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ನ್ಯೂಯಾರ್ಕ್‌ನಲ್ಲಿ ಎಕ್ಸ್‌ಎಂ ಮೇಲೆ ದಾವೆ ಹೂಡಿದವು. ನಕಲಾದ ಹಾಡಿಗೆ ತಲಾ 1,50,000 ಡಾಲರ್‌ವರೆಗೂ ಪರಿಹಾರ ಕೇಳಿದವು. ಪ್ರಸಾರಕ್ಕಷ್ಟೇ ರಾಯಧನ ಕೊಟ್ಟು ಹಾಡು ಹಂಚುವ ವ್ಯಾಪಾರ ಮಾಡುತ್ತಿದ್ದೀರಿ ಎಂಬುದು ಅವರ ವಾದ. ರೇಡಿಯೊ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡ ಹಾಗೆಯೇ ಇದು, ಮನೆಯ ರೆಕಾರ್ಡಿಂಗ್ ಕುರಿತ 1992ರ ಕಾನೂನು ಇದಕ್ಕೆ ರಕ್ಷಣೆ ಕೊಡುತ್ತದೆ ಎಂದು ಎಕ್ಸ್‌ಎಂ ಹೇಳಿತು. 2007ರ ಜನವರಿಯಲ್ಲಿ ನ್ಯಾಯಾಧೀಶೆ ಡೆಬೊರಾ ಬ್ಯಾಟ್ಸ್ ಮೊಕದ್ದಮೆ ವಜಾ ಮಾಡಲು ಒಪ್ಪಲಿಲ್ಲ.

ಕ್ಯಾಸೆಟ್ಟಿನ ಹೋಲಿಕೆ ಅರ್ಧ ಸರಿ ಅಂತ ನನಗನಿಸುತ್ತದೆ. ಕ್ಯಾಸೆಟ್ಟು ಇಷ್ಟು ಸಲೀಸಾಗಿ ಹಾಡು ಬೇರ್ಪಡಿಸಿ ಹೆಸರು ಬರೆದುಕೊಡುತ್ತಿರಲಿಲ್ಲ. ಆದರೆ ದುಡ್ಡು ಕಟ್ಟುವುದು ನಿಲ್ಲಿಸಿದರೆ ಅಳಿಸಿಹೋಗುತ್ತಲೂ ಇರಲಿಲ್ಲ. ಯಾರು ಸರಿ ಅಂತ ಕೋರ್ಟು ಕೊನೆಗೂ ತೀರ್ಮಾನಿಸಲಿಲ್ಲ. 2007ರ ಡಿಸೆಂಬರ್‌ನಲ್ಲಿ ಯೂನಿವರ್ಸಲ್ ಜೊತೆ ರಾಜಿಯಾಯಿತು, ಮುಂದೆ ಉಳಿದ ದೊಡ್ಡ ಕಂಪನಿಗಳೂ ರಾಜಿ ಮಾಡಿಕೊಂಡವು.

2008ರ ಜುಲೈನಲ್ಲಿ ಎಕ್ಸ್‌ಎಂ, ಸಿರಿಯಸ್ ಒಂದಾದವು. 2009ರ ಜೂನ್‌ನಲ್ಲಿ ಐಫೋನ್ ಆ್ಯಪ್ ಬಂತು. ಇಂಟರ್‌ನೆಟ್ ಇದ್ದರೆ ಕಿಟಕಿ ಹುಡುಕುವ ಕೆಲಸವೇ ಇಲ್ಲ. ಉಪಗ್ರಹ ರೇಡಿಯೊ ಕಾರಿನಲ್ಲಿ ಉಳಿಯಿತು, ಜೇಬಿನಿಂದ ಹೊರಬಿತ್ತು.

ಭಾರತದಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ ಕೊಂಡವರಿಗೆ ಬೇರೆ ರೀತಿಯ ಪೆಟ್ಟು ಬಿತ್ತು. ಎಕ್ಸ್‌ಎಂನ ಆರಂಭದ ದಿನಗಳಲ್ಲಿ ಅದರಲ್ಲಿ ಪಾಲು ಹೊಂದಿದ್ದ ಕಂಪನಿ ಇದು. ಕನ್ನಡಕ್ಕೆ ‘ಸ್ಪರ್ಶ’ ಎಂಬ ವಾಹಿನಿಯೂ ಇತ್ತು. ಅಲ್ಲಿ ಕೇಳುಗರು ಚಂದಾ ನಿಲ್ಲಿಸಲಿಲ್ಲ, ಕಂಪನಿಯೇ ದಿವಾಳಿಯಾಗಿ 2009ರ ಡಿಸೆಂಬರ್ 31ಕ್ಕೆ ಪ್ರಸಾರ ನಿಲ್ಲಿಸಿತು.

ಇನೋದ ಕರಾರು ಮಾತ್ರ ಸಾಯಲಿಲ್ಲ. ಇವತ್ತಿನ ಸಂಗೀತದ ಆ್ಯಪ್‌ಗಳಲ್ಲಿ ಹಾಡು ಡೌನ್‌ಲೋಡ್ ಮಾಡಿಕೊಳ್ಳಬಹುದು, ಹೊರಗೆ ನಕಲು ಮಾಡುವಂತಿಲ್ಲ, ಚಂದಾ ಮುಗಿದರೆ ಕೇಳುವಂತಿಲ್ಲ. ಈಗ ಆ ಪ್ರತಿಗೂ ರೆಕಾರ್ಡ್ ಕಂಪನಿಗಳ ಜೊತೆ ಮೊದಲೇ ಒಪ್ಪಂದವಾಗಿರುತ್ತದೆ.