ನಿಂಟೆಂಡೊ ಹಾರ್ಡ್: ಹಳೆಯ ಗೇಮ್‌ಗಳ ಕಷ್ಟ ಎಂಥದ್ದು?

ಹಳೆಯ ವಿಡಿಯೊ ಗೇಮ್‌ಗಳ ವಿಮರ್ಶೆ ಓದುವವರಿಗೆ ‘ನಿಂಟೆಂಡೊ ಹಾರ್ಡ್’ ಎಂಬ ಮಾತು ಆಗಾಗ ಎದುರಾಗುತ್ತದೆ. 1980ರ ದಶಕದ ಉತ್ತರಾರ್ಧ ಮತ್ತು 90ರ ಆರಂಭದ ಗೇಮ್‌ಗಳಲ್ಲಿದ್ದ, ಕೈಚಳಕವನ್ನೂ ನೆನಪಿನ ಶಕ್ತಿಯನ್ನೂ ಒಟ್ಟಿಗೇ ಹಿಂಡುವಂಥ ಕಷ್ಟಕ್ಕೆ ಈ ಹೆಸರು. ನಿಂಟೆಂಡೊ ಕಂಪನಿಯ ಎನ್‌ಇಎಸ್ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಆಗ ಮನೆಮಾತಾಗಿದ್ದರಿಂದ ಹೆಸರು ಅದಕ್ಕೆ ಅಂಟಿಕೊಂಡಿತು. ಆದರೆ ಈ ಪಟ್ಟ ಹೊತ್ತ ಗೇಮ್‌ಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಕ್ಯಾಪ್‌ಕಾಮ್, ಕೊನಾಮಿ, ಟೆಕ್ಮೊ, ರೇರ್‌ನಂಥ ಬೇರೆ ಕಂಪನಿಗಳು. ಈಗಂತೂ ಯಾವ ಕನ್ಸೋಲ್‌ನ ಗೇಮ್ ಆದರೂ ಸರಿ, ಆಡುವವರ ಬೆವರಿಳಿಸಿದರೆ ಈ ಮಾತು ಬಂದೇ ಬರುತ್ತದೆ.

ಒಬ್ಬರು ಇದನ್ನು ಹೊಗಳಿಕೆಯಾಗಿ ಬಳಸುತ್ತಾರೆ, ಇನ್ನೊಬ್ಬರು ಬೈಗುಳವಾಗಿ. ಎಷ್ಟೋ ಸಲ ಅದೇ ಗೇಮ್‌ಗೇ. ಕಷ್ಟ ಎಲ್ಲಿಂದ ಬಂತು ಎಂದು ಕೇಳದೆ ಹೋದರೆ ಈ ಜಗಳ ಬಗೆಹರಿಯುವುದಿಲ್ಲ.

ಮೊದಲ ಮೂಲ ಆರ್ಕೇಡ್, ಅಂದರೆ ನಾಣ್ಯ ಹಾಕಿ ಆಡುವ ಗೇಮ್ ಯಂತ್ರಗಳಿದ್ದ ಜಾಗ. ಅಲ್ಲಿ ಸೋತವರು ಮತ್ತೆ ನಾಣ್ಯ ಹಾಕಬೇಕು, ಹಾಗಾಗಿ ಬೇಗ ಸೋಲಿಸುವುದೇ ಯಂತ್ರದ ಮಾಲೀಕರಿಗೆ ಲಾಭ. ಕ್ಯಾಪ್‌ಕಾಮ್‌ನ ‘ಘೋಸ್ಟ್ಸ್ ಅಂಡ್ ಗಾಬ್ಲಿನ್ಸ್’ 1985ರಲ್ಲಿ ಆರ್ಕೇಡ್‌ಗೆ ಬಂದು, ಮರುವರ್ಷ ನಿಂಟೆಂಡೊದ ಕನ್ಸೋಲ್‌ಗೂ ಬಂತು. ಮೊದಲ ಏಟಿಗೆ ನಾಯಕನ ಕವಚ ಕಳಚಿ ಬಿದ್ದು ಒಳಚಡ್ಡಿಯಲ್ಲಿ ನಿಲ್ಲುತ್ತಾನೆ, ಎರಡನೇ ಏಟಿಗೆ ಎಲುಬಿನ ರಾಶಿ. ಇಷ್ಟೆಲ್ಲ ದಾಟಿ ಕೊನೆ ಮುಟ್ಟಿದರೆ, ನೀವು ಕಂಡದ್ದೆಲ್ಲ ಸೈತಾನನ ಮಾಯೆ, ಮೊದಲಿನಿಂದ ಇನ್ನೊಮ್ಮೆ ಆಡಿ ಎನ್ನುತ್ತದೆ. ಮನೆಯಲ್ಲಿ ನಾಣ್ಯ ಹಾಕುವವರಿಲ್ಲ. ಆದರೂ ನಾಣ್ಯ ಕೀಳುವ ಲೆಕ್ಕಾಚಾರ ಹಾಗೇ ಉಳಿದುಬಿಟ್ಟಿತು.

ಎರಡನೆಯದು ಮೆಮೊರಿಯಲ್ಲಿ ಜಾಗದ ಅಭಾವ. ‘ಸೂಪರ್ ಮಾರಿಯೊ ಬ್ರದರ್ಸ್’ ಇಡೀ ಗೇಮ್, ಅದರ 32 ಹಂತಗಳೂ ಸಂಗೀತವೂ ಚಿತ್ರಗಳೂ ಸೇರಿ, 40 ಕೆಬಿಯಲ್ಲಿ ಕೂತಿತ್ತು. ಪಳಗಿದವರು ಒಂದೇ ಸಲ ಕೂತು ಮುಗಿಸುವಷ್ಟು ಚಿಕ್ಕ ಗೇಮ್‌ಗೆ ಪೂರ್ತಿ ದರ ಕೊಟ್ಟವರಿಗೆ ವಾರಗಟ್ಟಲೆ ಆಡಿದ ಸಮಾಧಾನ ಸಿಗಬೇಕಲ್ಲ? ಮತ್ತೆ ಮತ್ತೆ ಸಾಯಿಸುವುದು ಅದಕ್ಕೆ ಅಗ್ಗದ ಉಪಾಯ. ಅಮೆರಿಕದಲ್ಲಿ ಗೇಮ್‌ಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಒಂದೇ ವಾರಾಂತ್ಯದಲ್ಲಿ ಮುಗಿದುಬಿಟ್ಟರೆ ಕೊಳ್ಳುವವರಾರು ಎಂಬ ಭಯ ಕಂಪನಿಗಳಿಗಿತ್ತು ಎಂಬ ಮಾತಿದೆ. 1994ರ ‘ಕಾಂಟ್ರಾ: ಹಾರ್ಡ್ ಕೋರ್’ ಸೆಗಾದ ಕನ್ಸೋಲ್‌ಗೆ ಬಂದದ್ದು. ಅದರ ಜಪಾನ್ ಆವೃತ್ತಿಯಲ್ಲಿ ಒಂದು ಲೈಫ್ ಹೋಗಲು ಮೂರು ಏಟು ಬೇಕು, ಅಮೆರಿಕದ್ದರಲ್ಲಿ ಒಂದೇ ಸಾಕು. ಹಂತ ಅದೇ, ಶತ್ರು ಅದೇ. ಇದನ್ನು ವಿನ್ಯಾಸದ ಜಾಣತನ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಹಾಗಂತ ಎಲ್ಲ ಕಷ್ಟವೂ ಮೋಸವಲ್ಲ. 1987ರ ಬಾಕ್ಸಿಂಗ್ ಗೇಮ್ ‘ಮೈಕ್ ಟೈಸನ್ಸ್ ಪಂಚ್ ಔಟ್’ ತೆಗೆದುಕೊಳ್ಳಿ. ಪ್ರತಿ ಎದುರಾಳಿಯೂ ಗುದ್ದುವ ಮುನ್ನ ಸುಳಿವು ಕೊಡುತ್ತಾನೆ. ಕಣ್ಣು ಮಿಟುಕಿಸುತ್ತಾನೆ, ಹಿಂದೆ ಸರಿಯುತ್ತಾನೆ, ಏನೋ ಒಂದು. ಕೊನೆಯಲ್ಲಿ ಬರುವ ಟೈಸನ್ ಮೊದಲ ಒಂದೂವರೆ ನಿಮಿಷ ಹಾಕುವ ಅಪ್ಪರ್‌ಕಟ್‌ಗಳಲ್ಲಿ ಒಂದು ತಾಗಿದರೂ ನೆಲಕ್ಕೆ ಬೀಳಬೇಕು. ಆದರೂ ಬಿದ್ದವರಿಗೆ ಯಾಕೆ ಬಿದ್ದೆ ಎಂದು ಗೊತ್ತಿರುತ್ತದೆ. ಹಳೆಯ ಗೇಮ್‌ನ ಕಷ್ಟವನ್ನು ತೂಗಲು ನಾನು ಬಳಸುವ ತಕ್ಕಡಿ ಇದೇ: ಸತ್ತ ಮರುಕ್ಷಣ ಕಾರಣ ಹೇಳಲು ಬರುತ್ತದೆಯೇ?

ಈ ತಕ್ಕಡಿಯಲ್ಲಿ ‘ನಿಂಜಾ ಗೈಡನ್’ ಅತ್ತಲೂ ವಾಲುತ್ತದೆ, ಇತ್ತಲೂ ವಾಲುತ್ತದೆ. ಟೆಕ್ಮೊ 1988ರಲ್ಲಿ ತಂದ ಈ ಗೇಮ್‌ನಲ್ಲಿ ಓಟ, ನೆಗೆತ, ಕತ್ತಿಯ ಬೀಸು ಎಲ್ಲ ಬೆರಳಿಗೆ ತಕ್ಷಣ ಸ್ಪಂದಿಸುತ್ತವೆ. ಅದರ ಕಾಲಕ್ಕೆ ಅದು ಅಪರೂಪ. ಆದರೆ ಏಟು ಬಿದ್ದರೆ ನಾಯಕ ಹಿಂದಕ್ಕೆ ಚಿಮ್ಮುತ್ತಾನೆ, ಹಿಂದೆ ಬಹುಪಾಲು ಹೊಂಡವೇ ಇರುತ್ತದೆ. ಕೊಂದ ಶತ್ರು ಹುಟ್ಟುವ ಜಾಗ ಪರದೆಯ ಅಂಚಿನಾಚೆಗೆ ಸರಿದು ಮತ್ತೆ ಒಳಗೆ ಬಂದರೆ ಅವನೂ ಮತ್ತೆ ಹುಟ್ಟುತ್ತಾನೆ. ಅಂದರೆ ಹೊಂಡದ ಅಂಚಿನಲ್ಲಿ ಅರ್ಧ ಹೆಜ್ಜೆ ಹಿಂದಿಟ್ಟು ಮುಂದಿಟ್ಟರೂ ಸಾಕು, ಈಗಷ್ಟೇ ಕೊಂದ ಹಕ್ಕಿ ಮತ್ತೆ ಎದೆಗೆ ಬಂದು ಬಡಿಯುತ್ತದೆ. ಕೊನೆಯ ಬಾಸ್ (ಹಂತದ ಕೊನೆಗೆ ಬರುವ ದೊಡ್ಡ ಶತ್ರು) ಎದುರು ಸತ್ತರೆ ಆರನೇ ಅಂಕದ ಮೊದಲಿಗೇ ತಳ್ಳುತ್ತದೆ. ಅಲ್ಲೊಂದು ಕರುಣೆಯೂ ಇದೆ: ಕೊನೆಯ ಬಾಸ್‌ಗಳು ಸಾಲಾಗಿ ಮೂರು ಬರುತ್ತವೆ, ಒಮ್ಮೆ ಗೆದ್ದ ಬಾಸ್ ಮತ್ತೆ ಬರುವುದಿಲ್ಲ. ಒಂದೇ ಗೇಮ್‌ನಲ್ಲಿ ಇಷ್ಟು ಬಗೆಯ ಕಷ್ಟ ಇರುವಾಗ ಇಡಿಯಾಗಿ ‘ನಿಂಟೆಂಡೊ ಹಾರ್ಡ್’ ಎಂದು ಮುದ್ರೆ ಒತ್ತಿದರೆ ಏನು ಹೇಳಿದಂತಾಯಿತು?

ಇನ್ನು ಕಷ್ಟವೇ ಅಲ್ಲದ್ದನ್ನೂ ಈ ಪಟ್ಟಿಗೆ ಸೇರಿಸುವವರಿದ್ದಾರೆ. ರೇರ್‌ನ ‘ಬ್ಯಾಟಲ್‌ಟೋಡ್ಸ್’ (1991) ಮೂರನೇ ಹಂತದ ಸ್ಪೀಡ್‌ಬೈಕ್ ಓಟಕ್ಕೆ ಕುಖ್ಯಾತ. ಅದನ್ನಾದರೂ ಬಾಯಿಪಾಠ ಮಾಡಿ ದಾಟಬಹುದು. ಆದರೆ ಅದರ ಅಮೆರಿಕದ ಎನ್‌ಇಎಸ್ ಆವೃತ್ತಿಯಲ್ಲಿ ಇಬ್ಬರು ಆಡುತ್ತಾ ಹನ್ನೊಂದನೇ ಹಂತ ಮುಟ್ಟಿದರೆ ಎರಡನೆಯವರ ಕಂಟ್ರೋಲರ್ ಕೆಲಸವೇ ಮಾಡುವುದಿಲ್ಲ. ಅದು ಶುದ್ಧ ಬಗ್. ಪರದೆಯಲ್ಲಿ ಚಿತ್ರಗಳು ಮಿನುಗಿ ಮಾಯವಾಗುವುದೂ ಇಂಥದ್ದೇ: ಒಂದು ಅಡ್ಡ ಗೆರೆಯಲ್ಲಿ ಎಂಟು ಸ್ಪ್ರೈಟ್‌ಗಿಂತ (ಚಲಿಸುವ ಪುಟ್ಟ ಚಿತ್ರಗಳು) ಹೆಚ್ಚು ತೋರಿಸುವ ಶಕ್ತಿ ಎನ್‌ಇಎಸ್‌ಗೆ ಇರಲಿಲ್ಲ.

ಕಷ್ಟ ಅತಿಯಾಯಿತೆಂದು ಕಂಪನಿಗಳಿಗೇ ಅನಿಸಿದ್ದುಂಟು. ಜಪಾನ್‌ನಲ್ಲಿ 1986ರಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್ 2’ರಲ್ಲಿ ವಿಷದ ಅಣಬೆ, ಮುಂದಕ್ಕೆ ತಳ್ಳುವ ಗಾಳಿ, ಗೇಮ್‌ನ ಹಿಂದಿನ ಲೋಕಕ್ಕೆ ಎಸೆಯುವ ವಾರ್ಪ್ ಎಂಬ ಅಡ್ಡದಾರಿ ಎಲ್ಲ ಇದ್ದವು. ನಿಂಟೆಂಡೊದ ಅಮೆರಿಕ ಶಾಖೆ ಇದು ಬೇಡವೆಂದು, ‘ಡೋಕಿ ಡೋಕಿ ಪ್ಯಾನಿಕ್’ ಎಂಬ ಬೇರೊಂದು ಗೇಮ್‌ಗೆ ಮಾರಿಯೊ ವೇಷ ತೊಡಿಸಿ 1988ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್ 2’ ಎಂಬ ಹೆಸರಿನಲ್ಲೇ ಮಾರಿತು. ಮೂಲ ಗೇಮ್ ಅಲ್ಲಿಗೆ ತಲುಪಿದ್ದು 1993ರಲ್ಲಿ, ‘ದಿ ಲಾಸ್ಟ್ ಲೆವೆಲ್ಸ್’ ಎಂಬ ಹೆಸರಿನಲ್ಲಿ, ಸೇವ್ ಮಾಡುವ ಸೌಲಭ್ಯದೊಂದಿಗೆ.

ಈಗಿನ ವಿಮರ್ಶೆ ಓದುವಾಗ ಗೇಮ್ ಅನ್ನು ಯಾವುದರಲ್ಲಿ ಆಡಿದರು ಎಂಬುದನ್ನೂ ಗಮನಿಸಬೇಕು. ಹೊಸ ಟಿವಿಗಳು ಬಟನ್ ಒತ್ತಿದ್ದನ್ನು ತೋರಿಸಲು ಹಳೆಯ ಸಿಆರ್‌ಟಿ ಟಿವಿಗಳಿಗಿಂತ ತುಸು ತಡಮಾಡುತ್ತವೆ, ಟೈಸನ್‌ನ ಗುದ್ದಿನೆದುರು ಆ ತುಸುವೇ ದುಬಾರಿ. ಇತ್ತ ಹಳೆಯ ಗೇಮ್‌ಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ನಿಂಟೆಂಡೊ ತಾನೇ ತನ್ನ ಸ್ವಿಚ್ ಕನ್ಸೋಲ್‌ನ ಹಳೆಯ ಗೇಮ್‌ಗಳಿಗೆ ರಿವೈಂಡ್ ಕೊಟ್ಟಿದೆ. ಪ್ರತಿ ಹೊಂಡಕ್ಕೂ ರಿವೈಂಡ್ ಒತ್ತಿ ಒಂದು ಸಂಜೆಯಲ್ಲಿ ಮುಗಿಸಿದವರು ‘ಅಷ್ಟೇನೂ ಕಷ್ಟವಿಲ್ಲ, ಬಲು ಚಿಕ್ಕದು’ ಎಂದು ಬರೆದರೆ, ಅವರು ಆಡಿದ್ದು 1988ರ ಹುಡುಗರು ಆಡಿದ ಗೇಮ್ ಅಲ್ಲ.